ಜೀತಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಶಿಡ್ಲಘಟ್ಟ

ಹೊಟ್ಟೆಕಿಚ್ಚಿಗೆ ಪಾಸ್‌ಪೋರ್ಟು ಬೇಕಾಗಿಲ್ಲ. ನನಗೆ ವೀಸಾ ಸಿಗುವ ಮೊದಲೇ ನನ್ನದು ಇಂಗ್ಲೆಂಡಿಗೆ ಹೊರಟು ನಿಂತಿತ್ತು.

ತೊಂಬತ್ತರ ದಶಕದ ನಡುಭಾಗದ ಮಾತು. ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ನಾನು ಚರಿತ್ರೆ ಪಾಠ ಮಾಡುತ್ತಿದ್ದೆ, ವೆಂಕಟರವಣಪ್ಪ ಇಂಗ್ಲಿಷ್ ಮಾಡುತ್ತಿದ್ದರು. ಯಾವುದೋ ಸೇವಾ ಸಂಸ್ಥೆಯವರು ನಮ್ಮ ಕಡೆಯ ಇಬ್ಬರು ಮೇಷ್ಟ್ರುಗಳನ್ನು ಮೂರು ವಾರ ಇಂಗ್ಲೆಂಡಿಗೆ ಕಳಿಸುತ್ತೇವೆ ಅಂದರು. ಪಟ್ಟಿ ಬಂತು. ಮೊದಲ ಹೆಸರು ವೆಂಕಟರವಣಪ್ಪ, ಎರಡನೆಯದು ನಾರಾಯಣಸ್ವಾಮಿ, ಅಂದರೆ ನಾನು. ಸರ್ವೀಸಿನಲ್ಲಿ ನಾನು ಸೀನಿಯರ್. ಕನ್ನಡದ ಅಕ್ಷರಮಾಲೆ ಹಿಡಿದರೂ ನ ಮೊದಲು, ಇಂಗ್ಲಿಷಿನದು ಹಿಡಿದರೂ ಎನ್ ಮೊದಲು. ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಾವಿಬ್ಬರೂ ಒಂದೇ ಊರಿನವರು. ಚಿಂತಾಮಣಿ ದಾಟಿ ಆಂಧ್ರದ ಗಡಿ ಕಡೆಗೆ ಹೋದರೆ ನಮ್ಮೂರು. ನಮ್ಮದು ಪಟೇಲರ ಮನೆ, ಮನೆಯಲ್ಲಿ ಆಡುವ ಮಾತು ತೆಲುಗು. ಅವರದು ಊರಾಚೆಯ ಕೇರಿ, ಆ ಕೇರಿಯ ಮಾತು ಕನ್ನಡ. ಅವರ ತಾತ ನಮ್ಮ ತಾತನ ಮನೆಯಲ್ಲಿ ದುಡಿದವರು. ಸ್ಟಾಫ್ ರೂಮಿನಲ್ಲಿ ನಾನು ಅವರನ್ನು 'ಏನ್ರೀ ವೆಂಕಟರವಣಪ್ಪನವರೇ' ಅಂತಲೇ ಕರೆಯುತ್ತಿದ್ದೆ. ಚಿಂತಾಮಣಿ ಬಸ್ ಸ್ಟ್ಯಾಂಡ್ ದಾಟುತ್ತಿದ್ದಂತೆ 'ನವರೇ' ಉದುರುತ್ತಿತ್ತು. ಊರು ಬಂದಾಗ 'ಪ್ಪ'ವೂ ಉದುರಿ ಬರೀ ವೆಂಕಟರವಣ ಉಳಿಯುತ್ತಿದ್ದ. ಇದನ್ನು ನಾನು ಬೇಕಂತ ಮಾಡುತ್ತಿರಲಿಲ್ಲ. ಅವರು ಮಾತ್ರ ಎಲ್ಲ ಕಡೆಯೂ ನನ್ನನ್ನು ಸಾರ್ ಅನ್ನುತ್ತಿದ್ದರು.

ಹೊರಡುವ ಮುಂಚೆ ಅಪ್ಪ ನನ್ನ ಕೈಗೆ ಒಂದು ನೋಟ್ ಪುಸ್ತಕ ಕೊಟ್ಟರು. ಊರಿನ ಶಾಲೆ ಕಟ್ಟಿಸಿದವರು ನಮ್ಮ ತಾತ. ಶಾಲೆಗೆ ಐವತ್ತು ವರ್ಷ ತುಂಬುತ್ತಿತ್ತು. ಆ ಹಬ್ಬಕ್ಕೆ ತಾತನ ಮೇಲೆ ಒಂದು ಪುಸ್ತಿಕೆ ಬರೆಯುವ ಕೆಲಸ ನನ್ನದು. ಅದರಲ್ಲಿ ಇರಲೇಬೇಕಾದ ಒಂದು ವಾಕ್ಯವನ್ನು ಅಪ್ಪ ತೆಲುಗಿನಲ್ಲೇ ಹೇಳಿ ಬರೆಸಿದರು. "ಮಾ ನಾಯನ ಪದಿಹೇಡು ಸಂಸಾರಾಲಕು ಜೀತಂ ಇಚ್ಚಿ ಸಾಕಿನಾಡು." ನಮ್ಮಪ್ಪ ಹದಿನೇಳು ಸಂಸಾರಗಳಿಗೆ ಸಂಬಳ ಕೊಟ್ಟು ಸಾಕಿದರು ಅಂತ. ತೆಲುಗಿನಲ್ಲಿ ಜೀತ ಅಂದರೆ ಸಂಬಳ. ಕಲೆಕ್ಟರಿಗೂ ಜೀತವೇ, ಮೇಷ್ಟ್ರಿಗೂ ಜೀತವೇ. ಮೂರು ವಾರದಲ್ಲಿ ಇದನ್ನು ಕನ್ನಡಕ್ಕೆ ತಂದು ಪುಸ್ತಿಕೆ ಮುಗಿಸಿಕೊಂಡು ಬರುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟೆ.

ಬಂದರಿನ ಊರು

ನಮ್ಮನ್ನು ಕರೆದುಕೊಂಡು ಹೋದದ್ದು ಇಂಗ್ಲೆಂಡಿನ ಒಂದು ಹಳೆಯ ಬಂದರಿಗೆ. ಹಿಂದೆ ಸಕ್ಕರೆ, ಹೊಗೆಸೊಪ್ಪು ಅಂತ ಹಡಗು ತುಂಬಿ ಬರುತ್ತಿದ್ದ ಊರು. ಮನೆಗಳ ಹಂಚಿಕೆಯಾಯಿತು. ನನ್ನನ್ನು ಮಿಸೆಸ್ ಹಾಲ್ ಎಂಬ ಬಿಳಿಯ ವಿಧವೆಯ ಮನೆಗೆ ಹಾಕಿದರು, ವೆಂಕಟರವಣಪ್ಪನವರನ್ನು ಗ್ಲೋರಿಯಾ ಎಂಬ ಕರಿಯ ಹೆಂಗಸಿನ ಮನೆಗೆ. ಗ್ಲೋರಿಯಾ ನರ್ಸ್ ಆಗಿ ನಿವೃತ್ತಳಾದವಳು, ವೆಸ್ಟ್ ಇಂಡೀಸಿನ ಒಂದು ದ್ವೀಪದಿಂದ ಬಂದವಳು. ಸುಳ್ಳು ಯಾಕೆ ಹೇಳಲಿ, ಆವತ್ತು ನನಗೆ ಒಳಗೊಳಗೇ ಖುಷಿಯಾಯಿತು. ಪಟ್ಟಿಯಲ್ಲಿ ಹೆಸರು ಮೊದಲಿದ್ದರೇನು, ಒಳ್ಳೆಯ ಮನೆ ನನಗೇ ಬಂತಲ್ಲ ಅಂದುಕೊಂಡೆ.

ಆ ಖುಷಿ ಮೂರನೇ ದಿನದವರೆಗೆ ಇತ್ತು. ಮಿಸೆಸ್ ಹಾಲ್ ಒಳ್ಳೆಯವಳು, ಆದರೆ ಅವಳಿಗೆ ಒಂದೇ ಅಡುಗೆ ಬರುತ್ತಿತ್ತು, ಬೇಯಿಸಿದ ಆಲೂಗಡ್ಡೆ. ಉಪ್ಪನ್ನು ನಾವೇ ಹಾಕಿಕೊಳ್ಳಬೇಕು. ಬಚ್ಚಲಲ್ಲಿ ಬಿಸಿನೀರಿಗೆ ಒಂದು ನಲ್ಲಿ, ತಣ್ಣೀರಿಗೆ ಒಂದು ನಲ್ಲಿ, ಎರಡೂ ಸೇರುವುದೇ ಇಲ್ಲ. ಒಂದರಲ್ಲಿ ಕೈ ಸುಟ್ಟುಕೊಂಡು ಇನ್ನೊಂದರಲ್ಲಿ ಮರಗಟ್ಟಿಸಿಕೊಂಡೆ. ಹೆಂಡತಿ ಕಟ್ಟಿಕೊಟ್ಟಿದ್ದ ರಾಗಿಹಿಟ್ಟಿನಲ್ಲಿ ಒಂದು ದಿನ ಮುದ್ದೆ ಮಾಡಿ ಬಡಿಸಿದೆ. ಅವಳು ಅದರ ಮೇಲೆ ಜಾಮ್ ಹಾಕಿಕೊಂಡು ಎರಡು ಚಮಚ ತಿಂದಳು. ಉಳಿದದ್ದನ್ನು ಬೆಕ್ಕಿನ ಮುಂದಿಟ್ಟಳು. ಬೆಕ್ಕು ಮೂಸಿ ನೋಡಿ ಹೋಯಿತು.

ಇತ್ತ ವೆಂಕಟರವಣಪ್ಪನವರು ದಿನದಿಂದ ದಿನಕ್ಕೆ ಮೈಕೈ ತುಂಬಿಕೊಳ್ಳುತ್ತಿದ್ದರು. ಏನು ತಿಂತೀರ್ರೀ ಅಂತ ಕೇಳಿದರೆ, ಮುದ್ದೆ ಸಾರ್ ಅಂದರು. ನನಗೆ ನಂಬಿಕೆ ಬರಲಿಲ್ಲ, ಭಾನುವಾರ ಹೋಗಿ ನೋಡಿದೆ. ಗ್ಲೋರಿಯಾ ಒಲೆಯ ಮುಂದೆ ನಿಂತು ಮುಸುಕಿನ ಜೋಳದ ಹಿಟ್ಟಿಗೆ ಬೆಂಡೆಕಾಯಿ ಬೇಯಿಸಿದ ನೀರು ಹಾಕಿ ಮರದ ಕೋಲಿನಲ್ಲಿ ತೊಳಸುತ್ತಿದ್ದಳು. ಅದೇ ಕೋಲು, ಅದೇ ಮಣಿಕಟ್ಟಿನ ತಿರುವು, ಗಂಟಾಗದ ಹಾಗೆ ಪಾತ್ರೆಯ ಅಂಚಿಗೆ ಒತ್ತುವ ಅದೇ ರೀತಿ. ಮೇಲೆ ಖಾರವಾದ ಮೀನಿನ ಸಾರು. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದ ತನ್ನ ಹಿರಿಯರು ತಿನ್ನುತ್ತಿದ್ದ ಊಟ ಇದು ಅಂದಳು. ನಮ್ಮವರದೂ ಇದೇ ಅಂದರು ವೆಂಕಟರವಣಪ್ಪ. ಅವರು ಮುರಿದು, ಅದ್ದಿ, ಅಗಿಯದೆ ನುಂಗುವುದನ್ನು ನೋಡಿ ಅವಳು ಚಪ್ಪಾಳೆ ಹೊಡೆದು ನಕ್ಕಳು. ಎಷ್ಟೋ ವರ್ಷದ ಅಕ್ಕತಮ್ಮಂದಿರಂತೆ ಕೂತಿದ್ದರು. ನನ್ನ ಹೊಟ್ಟೆಗೆ ಊಟ ಸೇರಿತು, ಜೊತೆಗೆ ಕಿಚ್ಚೂ ಸೇರಿತು.

ಕಂಚಿನ ಸಾಹುಕಾರ

ಆ ಊರಿನ ನಡುವೆ ಒಬ್ಬ ಸಾಹುಕಾರನ ಪ್ರತಿಮೆ ಇತ್ತು. ಹಳೆಯ ಕಾಲದ ವ್ಯಾಪಾರಿ. ಶಾಲೆ ಕಟ್ಟಿಸಿದ್ದ, ಆಸ್ಪತ್ರೆ ಕಟ್ಟಿಸಿದ್ದ, ದಿಕ್ಕಿಲ್ಲದ ಮುದುಕರಿಗೆ ಮನೆ ಕಟ್ಟಿಸಿದ್ದ. ಅಷ್ಟಕ್ಕೂ ಕಾಸು ಬಂದದ್ದು ಆಫ್ರಿಕದ ಜನರನ್ನು ಹಡಗಿನಲ್ಲಿ ತುಂಬಿ ಮಾರಿದ್ದರಿಂದ. ಪ್ರತಿಮೆ ಇರಲಿ ಅಂತ ಅರ್ಧ ಊರು, ತೆಗೀರಿ ಅಂತ ಅರ್ಧ ಊರು. ಪತ್ರಿಕೆಗಳಲ್ಲಿ ದಿನಾ ಅದೇ ಜಗಳ.

ಮಿಸೆಸ್ ಹಾಲ್ ನನ್ನನ್ನು ಅದರ ಮುಂದೆ ನಿಲ್ಲಿಸಿ, ತನ್ನ ಗಂಡ ಓದಿದ್ದು ಇವನು ಕಟ್ಟಿಸಿದ ಶಾಲೆಯಲ್ಲೇ ಅಂದಳು. ಆ ಕಾಲದ ಜನಕ್ಕೆ ಅದು ತಪ್ಪು ಅಂತ ತಿಳಿದಿರಲಿಲ್ಲ, ನಮ್ಮ ಕಾಲದ ತಕ್ಕಡಿಯಲ್ಲಿ ಅವರನ್ನು ತೂಗುವುದು ಅನ್ಯಾಯ ಅಂದಳು. ಖಂಡಿತ ಅಂದೆ. ಅವಳು ನನ್ನನ್ನು ಕೇಳದೇ ಇದ್ದರೂ ಇನ್ನೆರಡು ಸಲ ಖಂಡಿತ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಆ ಜಾತಿಯ ಖಂಡಿತ ಅದು ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಆಗ ನನ್ನ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ನಮ್ಮ ತಾತನಿಗೂ ಶಾಲೆಯ ಅಂಗಳದಲ್ಲಿ ಒಂದು ಪ್ರತಿಮೆ ಇದೆ. ಸಿಮೆಂಟಿನದು, ಎದೆಯವರೆಗೆ ಮಾತ್ರ. ಪ್ರತಿ ಆಗಸ್ಟ್‌ಗೆ ಯಾರೋ ಆಯಿಲ್ ಪೇಂಟ್ ಬಳಿದು ಬಳಿದು ಮೂಗು ಯಾವುದು ಮೀಸೆ ಯಾವುದು ಅಂತ ಗೊತ್ತಾಗದ ಹಾಗೆ ಆಗಿದೆ. ಇವನು ನೋಡಿದರೆ ಕಂಚಿನವನು, ತಲೆಯಿಂದ ಬೂಟಿನ ಗುಂಡಿಯವರೆಗೆ ಪೂರ್ತಿ ಇದ್ದಾನೆ. ಜನ ಮಾರಿದವನಿಗೆ ಕಂಚು, ನಮ್ಮ ತಾತನಿಗೆ ಸಿಮೆಂಟು. ಹಡಗಿನವನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನೀವು ನಗಬಹುದು, ನಗಿ. ಒಂದೇ ಸಮಾಧಾನ, ಅವನ ತಲೆಯ ಮೇಲೆ ಪಾರಿವಾಳ, ನಮ್ಮವರ ತಲೆಯ ಮೇಲೆ ಕಾಗೆ. ಆ ವಿಷಯದಲ್ಲಿ ಇಬ್ಬರೂ ಸಮ.

ಸಭೆ

ಎರಡನೇ ವಾರ ನಮ್ಮಿಬ್ಬರಿಗೂ ಒಂದು ಸಭೆ ಏರ್ಪಾಡು ಮಾಡಿದ್ದರು. ನಲವತ್ತು ಐವತ್ತು ಜನ, ಟೀ, ಬಿಸ್ಕತ್ತು. ಮಾತು ಸುತ್ತಿ ಬಳಸಿ ಕಂಚಿನ ಸಾಹುಕಾರನಲ್ಲಿಗೇ ಬಂತು. ನಿಮ್ಮ ದೇಶದಲ್ಲಿ ಇಂಥವರನ್ನು ಏನು ಮಾಡುತ್ತೀರಿ ಅಂತ ಯಾರೋ ಕೇಳಿದರು. ವೆಂಕಟರವಣಪ್ಪನವರ ಇಂಗ್ಲಿಷ್ ನನ್ನದಕ್ಕಿಂತ ಚೆನ್ನ, ಎಲ್ಲರೂ ಅವರ ಕಡೆಗೇ ನೋಡಿದರು. ಅದಕ್ಕೇ ನಾನು ಮೊದಲು ಎದ್ದೆ.

ನಮ್ಮ ತಾತನ ಕಥೆ ಹೇಳಿದೆ. ಕಾಡುಗುಡ್ಡದ ಊರಿಗೆ ಶಾಲೆ ತಂದವರು ಅಂದೆ. ಹದಿನೇಳು ಸಂಸಾರಗಳಿಗೆ ಸಂಬಳ ಕೊಟ್ಟು ಸಾಕಿದರು ಅಂದೆ, ಸಂಬಳ ಅನ್ನುವ ಇಂಗ್ಲಿಷ್ ಮಾತನ್ನು ಒತ್ತಿ ಹೇಳಿದೆ. ಆಳುಗಳ ಮೇಲೆ ಅವರಿಗೆ ಎಷ್ಟು ಪ್ರೀತಿ ಅಂತ ತೋರಿಸಲು ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಒಂದು ಪ್ರಸಂಗ ಹೇಳಿದೆ. ಒಬ್ಬ ಆಳು ಎರಡು ಸಲ ಮನೆ ಬಿಟ್ಟು ಕೋಲಾರದ ಚಿನ್ನದ ಗಣಿ ಕಡೆಗೆ ಹೋಗಿಬಿಟ್ಟಿದ್ದ. ಅವನಿಲ್ಲದೆ ತಾತನಿಗೆ ಅನ್ನ ಸೇರದೆ, ಎರಡು ಸಲವೂ ಸ್ವಂತ ಬಂಡಿ ಕಟ್ಟಿಸಿ ಕಳಿಸಿ ಕರೆಸಿಕೊಂಡರು. ಇದು ಪುಸ್ತಿಕೆಯ ಕರಡಿನಲ್ಲೂ ಇತ್ತು. ಜನ ಚಪ್ಪಾಳೆ ತಟ್ಟಿದರು, ಮಿಸೆಸ್ ಹಾಲ್ ಕಣ್ಣೊರೆಸಿಕೊಂಡಳು. ಬಂದ ಮೇಲೆ ಮೊದಲ ಸಲ ನನಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ.

ಗ್ಲೋರಿಯಾ ಚಪ್ಪಾಳೆ ತಟ್ಟಲಿಲ್ಲ. ವೆಂಕಟರವಣಪ್ಪನವರ ಕಡೆ ತಿರುಗಿ, ನಿನಗೆ ಇವರ ತಾತ ಗೊತ್ತಾ ಅಂತ ಕೇಳಿದಳು.

ಅವರು ಎದ್ದು ನಿಂತರು. ಬೆಣ್ಣೆಯಲ್ಲಿ ಕೂದಲು ತೆಗೆಯುವ ಹಾಗೆ ಮಾತಾಡಿದರು. ಶಾಲೆ ಕಟ್ಟಿಸಿದ್ದು ನಿಜ, ನಾನೂ ಅಲ್ಲೇ ಓದಿದ್ದು ಅಂದರು. ಆ ಹದಿನೇಳರಲ್ಲಿ ಒಂದು ಸಂಸಾರ ನಮ್ಮದು ಅಂದರು. ನನ್ನ ಸ್ನೇಹಿತರು ಸಂಬಳ ಅಂತ ಅನುವಾದ ಮಾಡಿದ ಮಾತು ಜೀತ. ಅವರ ಮನೆಯ ಭಾಷೆಯಲ್ಲಿ ಅದಕ್ಕೆ ಸಂಬಳ ಅಂತಲೇ ಅರ್ಥ, ಅವರು ಸುಳ್ಳು ಹೇಳಲಿಲ್ಲ. ನಮ್ಮ ಮನೆಯ ಭಾಷೆಯಲ್ಲಿ ಅದೇ ಮಾತಿಗೆ ಬೇರೆ ಅರ್ಥ. ಮದುವೆಗೆ ತಂದ ಸಾಲಕ್ಕೆ ತಾನೂ ದುಡಿದು, ಮಗನನ್ನೂ ದುಡಿಸಿ, ಬಿಟ್ಟು ಹೋಗುವ ಹಾಗಿಲ್ಲದೆ ಬದುಕುವುದಕ್ಕೆ ನಾವು ಜೀತ ಅಂತೀವಿ. ಅದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಗ್ಲೋರಿಯಮ್ಮನನ್ನ ಕೇಳಿ ಅಂದರು. ಅಷ್ಟು ಹೇಳಿ ಕೂತರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನ್ನ ಕೋಪ ಒಡೆಯಿತು. ಪರದೇಶದಲ್ಲಿ ಊರ ಮಾನ ಕಳೆದಿರಿ ಅಂತ ರೇಗಿದೆ. ಹಳೆಗನ್ನಡದಲ್ಲೂ ಜೀತ ಅಂದರೆ ಸಂಬಳವೇ, ಶಾಸನ ಓದಿದವನು ನಾನು, ನನಗೆ ಹೇಳಿಕೊಡಬೇಡಿ ಅಂದೆ. ಕೊನೆಗೆ ಮಿಸೆಸ್ ಹಾಲಳ ಮಾತನ್ನೇ ಎತ್ತಿಕೊಂಡೆ. ಆ ಕಾಲವೇ ಹಾಗಿತ್ತು, ಆ ಕಾಲದವರಿಗೆ ಅದು ತಪ್ಪು ಅಂತ ತಿಳೀತಾ ಇರಲಿಲ್ಲ, ಇವತ್ತಿನ ಕಣ್ಣಲ್ಲಿ ಯಾಕೆ ನೋಡ್ತೀರಿ ಅಂದೆ.

ಅವರು ಮಫ್ಲರ್ ಸರಿ ಮಾಡಿಕೊಂಡರು.

"ನಮ್ಮ ತಾತನೂ ಆ ಕಾಲದವನೇ ಅಲ್ವಾ ಸಾರ್? ಅವನಿಗೆ ತಿಳಿದಿತ್ತು. ತಿಳೀದೇ ಇದ್ರೆ ಎರಡು ಸಲ ಯಾಕೆ ಓಡಿಹೋಗ್ತಿದ್ದ?"

ಚಿನ್ನದ ಗಣಿಗೆ ಹೋದ ಆಳು ಅವರ ತಾತ ಅನ್ನುವುದು ನನಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಬಂಡಿ ಕಳಿಸಿದ್ದಂತೂ ನಿಜ ತಾನೇ ಅಂತ ತೊದಲಿದೆ.

"ಬಂಡಿ ಬಂದದ್ದು ನಿಜ ಸಾರ್. ಆದ್ರೆ ವಾಪಸ್ ಬರೋವಾಗ ತಾತ ಬಂಡಿ ಒಳಗೆ ಕೂತು ಬರ್ಲಿಲ್ಲ."

ಬಸ್ಸು ಬಂತು. ಅವರು ಮೇಲಿನ ಅಂತಸ್ತಿಗೆ ಹತ್ತಿ ಹೋದರು, ನಾನು ಕೆಳಗೇ ಕೂತೆ.

ಚರ್ಚಿನ ಹಿತ್ತಲು

ಮೂರು ದಿನ ನಾವು ಮಾತಾಡಲಿಲ್ಲ. ನಾಲ್ಕನೇ ದಿನ ಗ್ಲೋರಿಯಾ ಇಬ್ಬರನ್ನೂ ಊರಾಚೆಯ ಒಂದು ಸಣ್ಣ ಚರ್ಚಿಗೆ ಕರೆದುಕೊಂಡು ಹೋದಳು. ಯಾಕೆ ಅಂತ ಹೇಳಲಿಲ್ಲ, ನರ್ಸಮ್ಮ, ಹೇಳಿದಂತೆ ಕೇಳಬೇಕು.

ಹಿತ್ತಲಿನ ಹುಲ್ಲಿನಲ್ಲಿ ಒಂದು ಸಮಾಧಿಯ ಕಲ್ಲು. ಯಾವುದೋ ದೊರೆಯ ಮನೆಯಲ್ಲಿದ್ದ ಆಫ್ರಿಕದ ಆಳಿನದು. ಹೂವು ಕೆತ್ತಿ, ಬಣ್ಣ ಹಾಕಿ, ನಂಬಿಕಸ್ಥ ಅಂತ ನಾಲ್ಕು ಸಾಲು ಬರೆಸಿದ್ದರು. ಗ್ಲೋರಿಯಾ ವರ್ಷಕ್ಕೊಮ್ಮೆ ಬಂದು ಇಲ್ಲಿ ಹೂವಿಡುತ್ತಾಳಂತೆ. ಅವನು ಅವಳಿಗೆ ಸಂಬಂಧಿಯೇನಲ್ಲ. ತನ್ನವರನ್ನು ಎಲ್ಲಿ ಹೂತರೋ ಗೊತ್ತಿಲ್ಲ, ಅದಕ್ಕೇ ಎಲ್ಲರ ಲೆಕ್ಕದಲ್ಲಿ ಇವನಿಗೆ ಇಡುತ್ತೇನೆ ಅಂದಳು.

ಕೆಟ್ಟ ಬಾಯಿ ನನ್ನದು, ಸುಮ್ಮನಿರಲಿಲ್ಲ. ನೋಡಿ, ಇಂಥ ಕಲ್ಲು ಹಾಕಿಸಬೇಕಾದರೆ ಒಡೆಯನಿಗೂ ಪ್ರೀತಿ ಇತ್ತು ಅಂತಾಯ್ತಲ್ಲ ಅಂದೆ.

ವೆಂಕಟರವಣಪ್ಪ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಯಾವುದೋ ರೋಮನ್ ಚಕ್ರವರ್ತಿಯ ಹೆಸರು. ನಾವು ನಾಯಿಗೆ ಟೈಗರ್ ಅಂತ ಇಡುತ್ತೀವಲ್ಲ, ಹಾಗೆ ಒಡೆಯ ಇಟ್ಟದ್ದು. ಅವನ ಅವ್ವ ಇಟ್ಟ ಹೆಸರು ಕಲ್ಲಿನಲ್ಲಿ ಇರಲಿಲ್ಲ. ನಾನು ಇನ್ನು ಬೈಸಿಕೊಳ್ಳುವುದೇ ಅಂದುಕೊಂಡು ನಿಂತೆ. ಅವರು ಬೈಯಲಿಲ್ಲ.

"ನನಗೆ ಹೊಟ್ಟೆ ಉರೀತದೆ ಸಾರ್," ಅಂದರು. "ಸುಳ್ಳು ಹೆಸರೇ ಆಗ್ಲಿ, ಇವನಿಗೆ ಒಂದು ಕಲ್ಲಿದೆ. ಹೂವಿಡೋದಕ್ಕೆ ಜಾಗ ಇದೆ. ನಮ್ಮ ತಾತನ್ನ ಹೂತ ಜಾಗದ ಮೇಲೆ ಈಗ ಕೆರೆ ಕೋಡಿ ರಸ್ತೆ ಹೋಗಿದೆ. ಬಸ್ಸಲ್ಲಿ ಅದರ ಮೇಲೇ ಹೋಗ್ತೀವಿ, ನೀವೂ ಹೋಗ್ತೀರಿ, ನಾನೂ ಹೋಗ್ತೀನಿ."

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನೇ ಪಂಡಿತ ಅಂದುಕೊಂಡಿದ್ದೆ. ನಲ್ಲಿಗೆ, ಮೀನಿನ ಸಾರಿಗೆ, ಕಂಚಿಗೆ ಉರಿದುಕೊಂಡು ಓಡಾಡುತ್ತಿದ್ದವನು. ಈ ಮನುಷ್ಯ ಒಬ್ಬ ಗುಲಾಮನ ಗೋರಿಯನ್ನು ಕಂಡು ಅಸೂಯೆಪಡುತ್ತಿದ್ದ. ನನಗೆ ನಾಚಿಕೆಯಾಯಿತು.

ಅವತ್ತು ಇನ್ನೊಂದು ನೆನಪೂ ಬಂತು. ನನಗೆ ಐದಾರು ವರ್ಷವಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಒಬ್ಬ ಮುದುಕ ಇದ್ದ. ನಾನು ಅವನನ್ನು 'ಒರೇಯ್ ನಲ್ಲೋಡಾ' ಅಂತ ಕರೆಯುತ್ತಿದ್ದೆ, ಲೋ ಕರಿಯಾ ಅಂತ. ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು 'ಏನಪ್ಪಾ ಸ್ವಾಮಿ' ಅನ್ನುತ್ತಿದ್ದ. ಮಿಸೆಸ್ ಹಾಲ್ ಕೂಡ ನನ್ನನ್ನು ದಿನವೆಲ್ಲ ಸ್ವಾಮಿ ಅಂತಲೇ ಕರೆಯುತ್ತಿದ್ದಳು, ಪಾಸ್‌ಪೋರ್ಟಿನಲ್ಲಿ ಹಾಗಿದೆ ಅಂತ. ಆ ಸಂಜೆ ಅವಳು ಕರೆದಾಗ ತಕ್ಷಣ ಓ ಅನ್ನಲು ಆಗಲಿಲ್ಲ.

ಮತ್ತೆ ಊರು

ಅಪ್ಪ ಜಗಲಿಯ ಮೇಲೆ ಕೂತು ಕಾಯುತ್ತಿದ್ದರು. ಪುಸ್ತಿಕೆ ಮುಗೀತಾ ಅಂತಲೇ ಮೊದಲ ಪ್ರಶ್ನೆ. ಒಂದು ಬಾಕಿ ಇದೆ ಅಂದೆ. ಆ ಹದಿನೇಳು ಸಂಸಾರದವರ ಹೆಸರು ಹಾಕಬೇಕು, ಹೇಳಿ ಅಂದೆ.

ಅಪ್ಪನ ನೆನಪು ಬಲು ಗಟ್ಟಿ. ಮೊದಲು ಎತ್ತುಗಳ ಹೆಸರು ಹೇಳಿದರು. ತಾತನ ಕಾಲದ ಎಡಗೋಲಿನದು ರಾಮುಡು, ಬಲಗೋಲಿನದು ಲಕ್ಷ್ಮಣುಡು. ಅವು ಸತ್ತ ಮೇಲೆ ಬಸವ, ಮಲ್ಲ. ಯಾವುದನ್ನು ಯಾವ ಜಾತ್ರೆಯಲ್ಲಿ ತಂದದ್ದು, ಯಾವುದಕ್ಕೆ ಹಣೆಯಲ್ಲಿ ಸುಳಿ ಇತ್ತು, ಎಲ್ಲ ಹೇಳಿದರು. ಎತ್ತಲ್ಲ, ಮನುಷ್ಯರದು ಅಂದೆ. ಆಳುಗಳ ಹೆಸರು ಯಾರಿಗೆ ನೆನಪಿರುತ್ತೆ ಅಂದರು. ಗಣಿಗೆ ಓಡಿಹೋದವನದು ಅಂತ ಬಿಡದೆ ಕೇಳಿದಾಗ, "ವಾಡಾ? ನಲ್ಲೋಡು," ಅಂದರು.

ಯಾವ ಮುದುಕ ನನ್ನನ್ನು ಹೆಗಲ ಮೇಲೆ ಹೊತ್ತಿದ್ದ ಅನ್ನುವುದು ಆಗ ಖಚಿತವಾಯಿತು.

ಅಪ್ಪನಿಗೆ ನನ್ನ ಮುಖ ನೋಡಿಯೇ ಅರ್ಥವಾಗಿರಬೇಕು. ನೀನು ಓದಿದವನು, ಏನಾದರೂ ಬರೆದುಕೋ, ಆದರೆ ಸತ್ತವರನ್ನು ಬೀದಿಗೆ ಎಳೀಬೇಡ ಅಂದರು. ಆ ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಬಂಡಿಯ ಪ್ರಸಂಗ ಇದ್ದ ಹಾಳೆ ಕಿತ್ತು ಇಟ್ಟುಕೊಂಡೆ. ಶಾಲೆ ಕಟ್ಟಿಸಿದ ಹಾಳೆ ಕೀಳಲಿಲ್ಲ. ಎರಡೂ ಒಬ್ಬರೇ ಮಾಡಿದ್ದು, ಅದಕ್ಕೇ ನನಗೆ ಇಷ್ಟು ಕಷ್ಟ.

ಭಾನುವಾರ ಶಿಡ್ಲಘಟ್ಟದಲ್ಲಿ ವೆಂಕಟರವಣಪ್ಪನವರ ಮನೆಗೆ ಹೋದೆ. ಇಷ್ಟು ವರ್ಷ ಒಂದೇ ಶಾಲೆಯಲ್ಲಿದ್ದರೂ ಅವರ ಮನೆಯೊಳಗೆ ಕೂತದ್ದು ಅದೇ ಮೊದಲು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಗ್ಲೋರಿಯಾ ಕೊಟ್ಟ ಮರದ ಕೋಲು. ನನಗೆ ಮಿಸೆಸ್ ಹಾಲ್ ಕೊಟ್ಟದ್ದು ಬೆಕ್ಕಿನ ಚಿತ್ರದ ಟವೆಲ್ಲು. ಅಂಥ ಹೊತ್ತಿನಲ್ಲೂ ಅದು ನನ್ನ ಕಣ್ಣಿಗೆ ಬಿತ್ತು.

ಪುಸ್ತಿಕೆಯಲ್ಲಿ ನಿಮ್ಮ ತಾತನ ಹೆಸರು ಹಾಕಬೇಕು ಅಂದೆ.

"ಹೆಸರಿನ ಎದುರಿಗೆ ಏನಂತ ಬರೀತೀರ ಸಾರ್?"

"ಜೀತ ಅಂತ."

"ಯಾವ ಜೀತ? ನಿಮ್ಮನೇದಾ, ನಮ್ಮನೇದಾ?"

ಅಪ್ಪ ಊಟಕ್ಕೆ ಕೂರದೆ ಎದ್ದು ಹೋದದ್ದು ಕಣ್ಣ ಮುಂದೆ ಬಂತು.

"ನಿಮ್ಮನೇದೇ," ಅಂದೆ. "ಓದೋರಿಗೆ ಅನುಮಾನ ಬರದ ಹಾಗೆ ಬಿಡಿಸಿ ಬರೀತೀನಿ."

ಆಮೇಲೆ ಅವರು ತಾತನ ಬಗ್ಗೆ ಮಾತಾಡಿದರು, ಮಧ್ಯಾಹ್ನದವರೆಗೆ. ಎರಡು ಸಲ ಓಡಿದ್ದು, ಗಣಿಯಲ್ಲಿ ಕೆಲಸ ಸಿಕ್ಕಿ ಒಂಬತ್ತು ದಿನ ಕೂಲಿಯನ್ನು ಕೈಯಲ್ಲಿ ಎಣಿಸಿಕೊಂಡದ್ದು, ಸಿಕ್ಕಿಬಿದ್ದದ್ದು, ಪಟೇಲರ ಮೊಮ್ಮಗನನ್ನು ಹೊತ್ತು ತಿರುಗಿ ಹೆಗಲು ನೋಯುತ್ತಿದ್ದದ್ದು. ಯಾವುದನ್ನೂ ಮುಚ್ಚಲಿಲ್ಲ, ಯಾವ ಮಾತಿಗೂ ಬೇರೆ ಭಾಷೆಯ ಅರ್ಥ ಹುಡುಕಲಿಲ್ಲ. ನನ್ನ ತಾತನ ಬಗ್ಗೆ ನನಗೆ ಹಾಗೆ ಹತ್ತು ನಿಮಿಷ ಮಾತಾಡಲು ಆಗುವುದಿಲ್ಲ. ಮೂರು ವಾರದಲ್ಲಿ ಬೇಕಾದಷ್ಟಕ್ಕೆ ಹೊಟ್ಟೆಕಿಚ್ಚುಪಟ್ಟಿದ್ದೆ, ಇದಕ್ಕೆ ಪಟ್ಟಷ್ಟು ಯಾವುದಕ್ಕೂ ಪಟ್ಟಿರಲಿಲ್ಲ.

ನೋಟ್ ಪುಸ್ತಕ ಬಿಚ್ಚಿ ಪೆನ್ನು ಹಿಡಿದೆ.

"ಮುನಿವೆಂಕಟಪ್ಪ," ಅಂದರು. ನಾನು ಬರೆಯುವುದನ್ನೇ ನೋಡುತ್ತಿದ್ದರು. "ಕೊನೇಲಿರೋ ಅಪ್ಪ ಬಿಡಬೇಡಿ ಸಾರ್."

ಬಿಡಲಿಲ್ಲ.